ಸಾಫ್ಟ್‌ವೇರಿನ ಆರ್ಕಿಟೆಕ್ಚರ್ (ಒಟ್ಟಾರೆ ರಚನೆ) ತೀರ್ಮಾನಿಸುವ ಮೊದಲು ಗ್ರಾಹಕರನ್ನು ಏನು ಕೇಳಬೇಕು?

ಭಿವಂಡಿಯ ಗೋದಾಮಿನವರು ಕೊಟ್ಟ ನಲವತ್ತು ಫೀಚರ್‌ಗಳ ಪಟ್ಟಿ ಕೈಯಲ್ಲಿದೆ, ಆದರೂ ಡೇಟಾಬೇಸ್ ಎಲ್ಲಿಡಬೇಕು, ಮೈಕ್ರೋಸರ್ವಿಸ್ (ಒಂದೇ ಸಾಫ್ಟ್‌ವೇರನ್ನು ಬೇರೆ ಬೇರೆಯಾಗಿ ನಡೆಯುವ ಸಣ್ಣ ಭಾಗಗಳಾಗಿ ಕಟ್ಟುವುದು) ಬೇಕೇ ಬೇಡವೇ ಎಂಬುದು ತೀರ್ಮಾನವಾಗುತ್ತಿಲ್ಲ ಎಂದು ಕೇಳಿದ್ದೀರಿ. ಆ ಪಟ್ಟಿಯಿಂದ ತೀರ್ಮಾನವಾಗುವುದೂ ಇಲ್ಲ. ಸಾಫ್ಟ್‌ವೇರ್ ಏನು ಮಾಡಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ಎಷ್ಟು ಬೇಗ ಮಾಡಬೇಕು, ಏನು ಕೆಟ್ಟರೂ ನಿಲ್ಲಬಾರದು ಎಂಬುದನ್ನು ನಾವೇ ಕೇಳಿ ತಿಳಿಯಬೇಕು.

ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ ನಮ್ಮ ಊರಿನ ಶೆಟ್ಟರೊಬ್ಬರ ಆರು ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಎಲ್ಲವನ್ನೂ ಕ್ಲೌಡ್‌ನಲ್ಲಿ, ಅಂದರೆ ನೆಟ್ ಮೂಲಕ ತಲುಪುವ ದೂರದ ಸರ್ವರ್‌ನಲ್ಲಿ, ಇಡುವ ನಕ್ಷೆ ಬರೆದಾಗಿತ್ತು. ಜುಲೈಯ ಒಂದು ಬೆಳಿಗ್ಗೆ ಮಾಟುಂಗದ ಹೋಟೆಲಿನಲ್ಲಿ ಗಲ್ಲಾದ ಪಕ್ಕ ಕುಳಿತಿದ್ದೆ. ಹೊರಗೆ ಜಡಿಮಳೆ, ನೆಟ್ ಹೋಯಿತು. "ಈಗ ಏನು ಮಾಡ್ತೀರಿ ಶೆಟ್ರೆ?" ಎಂದೆ.

"ಎಂತ ಮಾಡುದು, ಚೀಟಿಯಲ್ಲಿ ಬರೆಯುದು. ಬಿಲ್ ನಿಲ್ಲಬಾರದು ಮಾರಾಯ್ರೆ, ಟ್ರೈನ್ ಹಿಡಿಯುವವರು ಕಾಯುದಿಲ್ಲ."

ಆ ಮಾತಿಗೆ ನಕ್ಷೆಯೇ ಬದಲಾಯಿತು. ಪ್ರತಿ ಕೌಂಟರಿನಲ್ಲೂ ಡೇಟಾಬೇಸ್, ನೆಟ್ ಬಂದಾಗ ಸಿಂಕ್, ಅಂದರೆ ಅಲ್ಲಿನ ಲೆಕ್ಕ ಸರ್ವರ್‌ಗೆ ಸೇರುವುದು. ಹಾಗೆ ಮಾಡಹೊರಟರೆ ಇನ್ನೊಂದು ತೊಡಕು: ಜಿಎಸ್‌ಟಿಯ 46ನೇ ನಿಯಮದಂತೆ ಬಿಲ್ ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಮರುಕಳಿಸಬಾರದು. ಸರ್ವರ್ ಸಿಗದಾಗ ಎರಡು ಕೌಂಟರುಗಳು ಒಂದೇ ಸಂಖ್ಯೆ ಕೊಟ್ಟುಬಿಟ್ಟರೆ? ಒಂದಕ್ಕಿಂತ ಹೆಚ್ಚು ಸರಣಿಗೆ ಅದೇ ನಿಯಮದಲ್ಲಿ ಅವಕಾಶವಿದೆ. ಕೌಂಟರಿಗೊಂದು ಸರಣಿ ಕೊಟ್ಟೆವು. ಆರೂ ಹೋಟೆಲುಗಳ ಲೆಕ್ಕ ಎಷ್ಟು ಹೊತ್ತಿಗೆ ಬೇಕು ಎಂದು ಕೇಳಿದಾಗ, ರಾತ್ರಿ ಗಲ್ಲಾ ಮುಚ್ಚುವಾಗ ಸಿಕ್ಕಿದರೆ ಸಾಕು ಎಂದರು. ಕ್ಷಣಕ್ಷಣಕ್ಕೂ ಲೆಕ್ಕ ಕಳಿಸಲು ನಾವು ಯೋಚಿಸಿದ್ದ ದುಬಾರಿ ವ್ಯವಸ್ಥೆ ಬೇಕಾಗಲೇ ಇಲ್ಲ.

"ಫಾಸ್ಟ್ ಇರಬೇಕು", "ಯಾವಾಗಲೂ ನಡೀಬೇಕು" ಎಂಬುದನ್ನು ಹಾಗೆಯೇ ಬರೆದುಕೊಳ್ಳಬೇಡಿ. ಶೇ. 99.9ರಷ್ಟು ಹೊತ್ತು ನಡೆಯಬೇಕು ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಂತಿರಬಹುದು, ಶೇ. 99.99 ಎಂದರೆ 53 ನಿಮಿಷ. ಎರಡರ ಖರ್ಚಿಗೂ ಅಜಗಜಾಂತರ. ಆದ್ದರಿಂದ ಸನ್ನಿವೇಶವಾಗಿ ಬರೆಯಿರಿ: "ಬೆಳಿಗ್ಗೆ ಎಂಟೂವರೆ, ನೆಟ್ ಇಲ್ಲ, ಕ್ಯಾಶಿಯರ್ ಒತ್ತಿದ ಎರಡು ಸೆಕೆಂಡಿನಲ್ಲಿ ಬಿಲ್ ಪ್ರಿಂಟ್ ಆಗಬೇಕು." ಇದನ್ನು ಪರೀಕ್ಷಿಸಿ ನೋಡಬಹುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ರೂಪಿಸಿದ ಎಟಿಎಎಂ ಎಂಬ, ಆರ್ಕಿಟೆಕ್ಚರನ್ನು ಒರೆಗೆ ಹಚ್ಚುವ ವಿಧಾನದಲ್ಲಿ ಇಂಥ ಪ್ರತಿ ಸನ್ನಿವೇಶವನ್ನೂ ಎರಡು ಬಗೆಯಲ್ಲಿ ತೂಗುತ್ತಾರೆ: ವ್ಯವಹಾರಕ್ಕೆ ಎಷ್ಟು ಮುಖ್ಯ, ಕಟ್ಟಲು ಎಷ್ಟು ಕಷ್ಟ. ಎರಡರಲ್ಲೂ ಮೇಲೆ ನಿಂತವೇ ಮೊದಲು ಚರ್ಚೆಗೆ ಬರುತ್ತವೆ. ನಿಮ್ಮ ನಲವತ್ತರಲ್ಲಿ ಅಂಥವು ಐದಾರು ಸಿಕ್ಕಾವು. ಉಳಿದವು ಆಮೇಲೆ ಬದಲಾದರೂ ಬುಡ ಅಲುಗುವುದಿಲ್ಲ.

ಮೈಕ್ರೋಸರ್ವಿಸ್ ವಿಷಯ: ತಂಡದಲ್ಲಿ ನಾಲ್ಕೇ ಜನ ಎಂದಿದ್ದೀರಿ. ಅದನ್ನೂ ಒಂದು ಮಿತಿಯೆಂದು ಬರೆದುಕೊಳ್ಳಿ. ಹಲವು ಭಾಗಗಳನ್ನು ಬೇರೆ ಬೇರೆಯಾಗಿ ನೋಡಿಕೊಳ್ಳುವುದು ನಾಲ್ವರಿಗೆ ಕಷ್ಟ; ನಾನಾದರೆ ಒಂದೇ ಅಪ್ಲಿಕೇಶನ್ ಕಟ್ಟುತ್ತೇನೆ.

ಮುಂದಿನ ಮೀಟಿಂಗ್ ಆಫೀಸಿನಲ್ಲಿ ಬೇಡ. ಲಾರಿ ಲೋಡ್ ಆಗುವ ಹೊತ್ತಿಗೆ ಗೋದಾಮಿಗೆ ಹೋಗಿ, ಸ್ಕ್ಯಾನರ್ ಹಿಡಿದವರ ಪಕ್ಕ ನಿಲ್ಲಿ. ಸ್ಕ್ಯಾನ್ ಆಗದಿದ್ದರೆ ಲಾರಿ ಎಷ್ಟು ಹೊತ್ತು ಕಾಯುತ್ತದೆ ಎಂದು ಅವರನ್ನೇ ಕೇಳಿ.