ಪೂಜೆಯಲ್ಲಿ ಏನೂ ಅನ್ನಿಸದಿದ್ದರೆ ನನ್ನ ವಿಶ್ವಾಸ ಬರೀ ತೋರಿಕೆಯಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ತಪ್ಪು ತಿಳಿಯಬೇಡಿ, ನಿಮ್ಮನ್ನು ನೋಡಿ ಅಲ್ಲ. ಭಾನುವಾರ ತಪ್ಪದೆ ಚರ್ಚಿನ ಪೂಜೆಗೆ ಹೋಗುತ್ತೀರಿ, ಒಳಗೆ ಏನೂ ಅನ್ನಿಸುವುದಿಲ್ಲ. ಧ್ಯಾನಕೂಟದಲ್ಲಿ ಕೈಯೆತ್ತಿ ಅಳುವವರನ್ನು ಕಂಡರೆ ಅವರದ್ದೇ ನಿಜವಾದ ಭಕ್ತಿ ಅನ್ನಿಸುತ್ತದೆ. ಹಾಗಿದ್ದರೆ ಸುಮ್ನೆ ತೋರಿಕೆಗೆ ಯಾಕೆ ಹೋಗಬೇಕು, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಆ ಕೈಯೆತ್ತಿ ಅಳುವವರಲ್ಲಿ ನಾನೂ ಒಬ್ಬ.

ನಮ್ಮದು ಸಾಗರದ ಕಡೆ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ. ಅಜ್ಜ ಘಟ್ಟ ಹತ್ತಿ ಬಂದವರು. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಕನ್ನಡ. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಗಿ ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಆದಾಗ ನಾನು ಆರನೇ ಕ್ಲಾಸು. ಆಗಲೇ ಪೂಜೆಗೆ ಗಂಟೆ ಹೊಡೆಯುವ ಹುಡುಗ ನಾನು. ಆಮೇಲೆ ಗಾಯನ, ವಾಚನ, ಹಬ್ಬದ ಸಮಿತಿ ಎಲ್ಲ ಆಯಿತು. ಧ್ಯಾನಕೂಟಕ್ಕೆ ಹೋದರೆ ಮೊದಲು ಅಳುವವನು ನಾನೇ. ಸುಳ್ಳು ಅಳು ಅಲ್ಲ, ಬಿಕ್ಕಿ ಬಿಕ್ಕಿ ಬರುತ್ತಿತ್ತು. ಹೊರಗೆ ಬಂದರೆ ಮೈ ಹಗುರ.

ಈಗ ನಮ್ಮ ಮನೆಯ ಒಂದು ಡಬ್ಬದ ವಿಷಯ. ಅಡಿಕೆ ಸೀಮೆಯವರಲ್ಲದಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು. ಕೊನೆಗೌಡ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುತ್ತಾನೆ. ಸಂಜೆ ಊರಿನ ಹೆಂಗಸರು ಬಂದು ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತಾರೆ, ರಾತ್ರಿ ಹತ್ತು ಹನ್ನೊಂದರವರೆಗೆ. ಚೊಗರು ಹತ್ತಿ ಬೆರಳೆಲ್ಲ ಕಪ್ಪು. ನಮ್ಮ ಮನೆಯಲ್ಲಿ ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಡಬ್ಬದ ಲೆಕ್ಕದಲ್ಲಿ. ಸುಲಿದದ್ದನ್ನು ಡಬ್ಬಕ್ಕೆ ತುಂಬುವುದು, ಎಷ್ಟು ಡಬ್ಬ ಆಯಿತೋ ಅಷ್ಟಕ್ಕೆ ದುಡ್ಡು. ನಮ್ಮದು ಅಪ್ಪನ ಕಾಲದ ಸೀಮೆಎಣ್ಣೆ ಡಬ್ಬ. ಅದರ ತಳವನ್ನು ಯಾರೋ ಒಳಗಿನಿಂದ ಬಡಿದು ಹೊರಗೆ ಉಬ್ಬಿಸಿದ್ದರು. ಯಾರೋ ಏನು, ಅಪ್ಪನೇ. ಮಣ್ಣಿನ ನೆಲದಲ್ಲಿ ಸಣ್ಣ ಗುಂಡಿ ಇತ್ತು, ಉಬ್ಬಿದ ತಳ ಅದರಲ್ಲಿ ಸರಿಯಾಗಿ ಕೂರುತ್ತಿತ್ತು.

ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಗೊತ್ತಿದೆ ಅಂತ ನನಗೆ ನಾನು ಯಾವತ್ತೂ ಹೇಳಿಕೊಂಡಿರಲಿಲ್ಲ, ಅಷ್ಟೇ.

ನಮ್ಮ ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಸೆಪ್ಟೆಂಬರ್ ಹೊತ್ತಿಗೆ, ಇನ್ನೇನು ಕೊಯ್ಲು ಶುರು ಅನ್ನುವಾಗ, ಪ್ರವಾದಿ ಆಮೋಸನ ಎಂಟನೇ ಅಧ್ಯಾಯ ಬರುತ್ತದೆ. ವ್ಯಾಪಾರ ಮಾಡಬಾರದ ಸಬ್ಬತ್ ದಿನ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆಗೆದೇವು ಅಂತ ಕಾಯುವವರು, ಅಳತೆ ಕಿರಿದು ಮಾಡಿ ಬೆಲೆ ಹಿರಿದು ಮಾಡುವವರು, ಬಡವನನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಕೊಳ್ಳುವವರು, ಅವರಿಗೆ ಆಮೋಸ ಬೈಯುವ ಭಾಗ. 2013ರಲ್ಲಿ ಅದನ್ನು ನಾನೇ ಓದಿದೆ. 2016ರಲ್ಲೂ ನಾನೇ. ನನ್ನ ದನಿ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಓದಿ ಮುಗಿಸಿ, ಪೂಜೆ ಯಾವಾಗ ಮುಗಿಯುತ್ತದೆ, ಕೊನೆಗೌಡ ಬಂದನೋ ಇಲ್ಲವೋ ಅಂತ ಯೋಚಿಸುತ್ತಾ ಕೂತಿದ್ದೆ. ಅದೇ 2016ರ ಹಬ್ಬಕ್ಕೆ ಚರ್ಚಿಗೆ 45,000 ರೂಪಾಯಿಯ ಧ್ವನಿವರ್ಧಕ ಕೊಡಿಸಿದೆ. ಪೆಟ್ಟಿಗೆಯ ಮೇಲೆ ನಮ್ಮ ಮನೆಯ ಹೆಸರು ಈಗಲೂ ಇದೆ.

2019ರ ಸೆಪ್ಟೆಂಬರ್ 22. ಮೂರನೇ ಸಲ ಓದಿ ಮನೆಗೆ ಬಂದೆ. ಏಳನೇ ಕ್ಲಾಸಿನ ಮಗಳು ಊಟಕ್ಕೆ ಕೂತಾಗ ಕೇಳಿದಳು: "ಅಳತೆ ಕಿರಿದು ಮಾಡೋದು ಅಂದ್ರೆ ಹೇಗಪ್ಪಾ?" ನಾನು ಮೇಷ್ಟರ ಹಾಗೆ ಶುರುಮಾಡಿದೆ. ನೋಡು, ಮಾರುವವನು ಮೋಸ ಮಾಡಬೇಕು ಅಂದರೆ ಸೇರು ಚಿಕ್ಕದು ಮಾಡುತ್ತಾನೆ. ಕೂಲಿ ಕೊಡುವವನಾದರೆ ಡಬ್ಬ ದೊಡ್ಡದು... ಅಲ್ಲಿಗೆ ಬಾಯಿ ನಿಂತಿತು. ಹೆಂಡತಿ ಸಾರು ಬಡಿಸುತ್ತಿದ್ದವಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಮಧ್ಯಾಹ್ನ ಹಾಲಿನ ಲೀಟರ್ ಅಳತೆಯಲ್ಲಿ ಭತ್ತ ಹಾಕಿ ಅಳೆದೆ. ಸರಿಯಾದ ಡಬ್ಬಕ್ಕೆ 18 ಲೀಟರ್. ನಮ್ಮದಕ್ಕೆ ಹತ್ತೊಂಬತ್ತೂವರೆ. ಅಂದರೆ ಹನ್ನೆರಡು ಡಬ್ಬದ ಕೂಲಿಗೆ ಹದಿಮೂರು ಡಬ್ಬ ಸುಲಿಸಿಕೊಳ್ಳುತ್ತಿದ್ದೆವು.

ಇಲ್ಲಿ ನಾನು ತಪ್ಪಿದ್ದು. ಡಬ್ಬ ಇಟ್ಟುಕೊಂಡದ್ದಕ್ಕಿಂತ ದೊಡ್ಡ ತಪ್ಪು ಇದು. ಸಾಗರ ಪೇಟೆಯಿಂದ ಹೊಸ ಡಬ್ಬ ತಂದು, ಹಳೆಯದನ್ನು ಕೊಟ್ಟಿಗೆಯ ಹಿಂದೆ ಚಪ್ಪಟೆ ಮಾಡಿ ಬಿಸಾಕಿದೆ. ಗುಂಡಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಇನ್ನು ಮೇಲೆ ಸರಿಯಾಗಿರುತ್ತೇನೆ, ದೇವರಿಗೆ ಗೊತ್ತು, ಸಾಕು ಅಂದುಕೊಂಡೆ. ಪಾಪನಿವೇದನೆಗೂ ಹೋದೆ. "ಕೆಲಸದವರ ವಿಷಯದಲ್ಲಿ ಸ್ವಲ್ಪ ಅನ್ಯಾಯ ಆಗಿದೆ ಫಾದರ್" ಅಂದೆ. ಆಗಿದೆ! ಮಾಡಿದ್ದೇನೆ ಅನ್ನಲಿಲ್ಲ. ಡಬ್ಬ ಅನ್ನುವ ಶಬ್ದ ಬಾಯಿಗೆ ಬರಲಿಲ್ಲ. ಪಾಪ, ಅವರಿಗೆ ಏನು ಗೊತ್ತಾಗಬೇಕು? ಐದು ಸಲ ನಮೋ ಮರಿಯ ಪ್ರಾರ್ಥನೆ ಹೇಳಲು ಹೇಳಿದರು. ಹೇಳಿದೆ. ಕಣ್ಣೀರೂ ಬಂತು. ಕದ್ದದ್ದನ್ನು ಹಿಂದಕ್ಕೆ ಕೊಡಬೇಕು ಅನ್ನುವುದು ನಮ್ಮ ಧರ್ಮೋಪದೇಶದಲ್ಲೇ ಇದೆ, ಪಾಪ ಕ್ಷಮಿಸಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಅದನ್ನು ಮಕ್ಕಳಿಗೆ ಭಾನುವಾರದ ಕ್ಲಾಸಿನಲ್ಲಿ ಹೇಳಿಕೊಟ್ಟವನೂ ನಾನೇ.

ಕೊಯ್ಲು ಶುರುವಾಯಿತು. ಮೊದಲ ರಾತ್ರಿಯೇ ನಮ್ಮಲ್ಲಿ ಮೂವತ್ತೈದು ವರ್ಷದಿಂದ ಸುಲಿಯುತ್ತಿದ್ದ ಅಕ್ಕ, ನನ್ನನ್ನು ಚಡ್ಡಿ ಹಾಕಿದಾಗಿನಿಂದ ನೋಡಿದವರು, ಡಬ್ಬದ ಮೇಲೆ ಕೈಯಾಡಿಸಿ ಕೇಳಿದರು:

"ಹೊಸ ಡಬ್ಬ ಬೇಗ ತುಂಬ್ತದಲ್ಲ ತಮ್ಮಾ?"

ಆರು ಜನ ಹೆಂಗಸರ ಕತ್ತಿಯೂ ನಿಂತಿತು. ನಾನು ಹೇಳಿದೆ, "ಹೌದಾ? ಎಲ್ಲಾ ಒಂದೇ ಅಳತೆ ಅಕ್ಕ. ಹಳೇದು ತೂತು ಬಿದ್ದಿತ್ತು." ಅವರು "ಹ್ಞೂಂ" ಅಂದು ಮತ್ತೆ ಸುಲಿಯಲು ಶುರುಮಾಡಿದರು.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಬರುತ್ತಿದ್ದರು. ಆವತ್ತು ಒಂದು ಮಾತು, "ಅಕ್ಕ, ಮೋಸ ಆಗಿತ್ತು, ಸರಿಮಾಡಿದೆ" ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಎದುರು ಕೂತವರ ಮುಖ ನೋಡಿ ಸುಳ್ಳು ಹೇಳಿದೆ ನೋಡಿ, ಆ ಸುಳ್ಳು ಅವರ ಬುದ್ಧಿಗೆ ಮಾಡಿದ ಅವಮಾನ. ಆ ಸೀಸನ್ ಹೇಗೋ ಮುಗಿಸಿಕೊಟ್ಟರು. 2020ರಲ್ಲಿ ಆರು ಜನರಲ್ಲಿ ಒಬ್ಬರೂ ಬರಲಿಲ್ಲ. ಕೊರೊನಾ ಅಲ್ವಾ, ಯಾರು ಬರುತ್ತಾರೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಪಕ್ಕದ ತೋಟದ ಮನೆಯಲ್ಲಿ ಅವರೇ ಸುಲಿಯುವ ಸದ್ದು ರಾತ್ರಿ ನಮ್ಮ ಜಗಲಿಗೆ ಕೇಳುತ್ತಿತ್ತು. ನಮ್ಮ ಅಡಿಕೆ ಅರ್ಧಕ್ಕರ್ಧ ಮರದಲ್ಲೇ ಹಣ್ಣಾಗಿ ಗೋಟು ಆಯಿತು. ಹಸಿರಿದ್ದಾಗಲೇ ಸುಲಿದು ಬೇಯಿಸಿದ ರಾಶಿಯ ದರಕ್ಕೂ ಗೋಟಿನ ದರಕ್ಕೂ ಎಷ್ಟು ಅಂತರ ಅಂತ ತೋಟದವರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ಸ್ವಾಮಿ, ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ. ಅನ್ನಿಸುವುದು, ಅನ್ನಿಸದಿರುವುದು ಅಳತೆಯೇ ಅಲ್ಲ. ಮದರ್ ತೆರೆಸಾ ತೀರಿಕೊಂಡು ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಪತ್ರಗಳು ಪುಸ್ತಕವಾಗಿ ಬಂದವಲ್ಲ? ಹತ್ತಾರು ವರ್ಷ ದೇವರು ಹತ್ತಿರ ಇದ್ದಾನೆ ಅಂತ ಅವರಿಗೂ ಅನ್ನಿಸಿರಲಿಲ್ಲ. ಒಳಗೆ ಬರೀ ಒಣಗು. ಬೆಳಿಗ್ಗೆ ಎದ್ದು ರೋಗಿಗಳ ಹತ್ತಿರ ಹೋಗುವುದನ್ನು ಬಿಡಲಿಲ್ಲ. ನನಗೆ ಬೇಕಾದಷ್ಟು ಅನ್ನಿಸುತ್ತಿತ್ತು, ಡಬ್ಬ ಮಾತ್ರ ಉಬ್ಬಿಕೊಂಡೇ ಇತ್ತು. ಪೂಜೆ ಬಿಡಬೇಡಿ. ಕಣ್ಣೀರಿಗೋಸ್ಕರ ಧ್ಯಾನಕೂಟಕ್ಕೂ ಹೋಗಬೇಡಿ, ಅಲ್ಲಿ ಅದು ಸುಲಭವಾಗಿ ಸಿಗುತ್ತದೆ. ಯಾರಿಗಾದರೂ ಏನಾದರೂ ಕೊಡುವುದು ಬಾಕಿ ಇದೆಯಾ ನೋಡಿ. ಇದ್ದರೆ ಅವರ ಮನೆಗೇ ಹೋಗಿ, ಚರ್ಚಿನ ಹುಂಡಿಗೆ ಹಾಕಬೇಡಿ. ಹೋದಾಗ ವಸ್ತುವಿನ ಹೆಸರು ಹಿಡಿದು ಹೇಳಿ. ಅನ್ಯಾಯ, ತಪ್ಪು, ದೌರ್ಬಲ್ಯ ಇಂಥ ಶಬ್ದ ಬೇಡ. ಏನೂ ಬಾಕಿ ಇಲ್ಲದಿದ್ದರೆ ನಿಮ್ಮ ಒಣ ಪೂಜೆ ನನ್ನ ಹಸಿ ಅಳುವಿಗಿಂತ ಎಷ್ಟೋ ಮೇಲು.

ನಾನು ಹೋದದ್ದು 2021ರಲ್ಲಿ. ಅಪ್ಪ ತೀರಿಕೊಂಡ ಮೇಲೆ ತೋಟ ನನ್ನ ಕೈಗೆ ಬಂದು ಎಂಟು ಸೀಸನ್ ಆ ಡಬ್ಬದಲ್ಲಿ ಅಳೆದಿದ್ದೆ. ಕೂಲಿಯ ಪುಸ್ತಕ ತೆಗೆದು ಕೂಡಿಸಿದರೆ 5 ಲಕ್ಷ ಚಿಲ್ಲರೆ. ಹನ್ನೆರಡರಲ್ಲಿ ಒಂದು ಪಾಲು 42,000ದ ಹತ್ತಿರ. ಧ್ವನಿವರ್ಧಕಕ್ಕಿಂತ ಕಮ್ಮಿ. ಬೈಬಲಿನಲ್ಲಿ ಸುಂಕ ವಸೂಲಿಯ ಜಕ್ಕಾಯ, ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದಿದ್ದ. ನನ್ನ ಕೈ ಅಷ್ಟು ಉದ್ದ ಇರಲಿಲ್ಲ, ಒಂದರಷ್ಟನ್ನೇ ಆರು ಪಾಲು ಮಾಡಿದೆ.

ಐದು ಮನೆಗಳಲ್ಲಿ ಸುಮ್ನೆ ತೆಗೆದುಕೊಂಡರು. ಒಬ್ಬರು ಚಾ ಕೊಟ್ಟರು. ಕೊನೆಗೆ ಅಕ್ಕನ ಮನೆ. ಈ ಸಲ ಡಬ್ಬ ಅನ್ನುವ ಶಬ್ದವನ್ನು ಮೊದಲೇ ಹೇಳಿದೆ. ಅವರು ನೋಟು ಎಣಿಸಿದರು. ಎರಡನೇ ಸಲವೂ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡರು.

"ಇದು ನಿಂದಾಯ್ತು. ನಿಮ್ಮಪ್ಪಂದು?"

ಅಪ್ಪನ ಪುಸ್ತಕವೆಲ್ಲ ಗೆದ್ದಲು ತಿಂದಿದೆ ಅಕ್ಕ, ಲೆಕ್ಕ ಸಿಗುವುದಿಲ್ಲ ಅಂದೆ.

"ಪುಸ್ತಕ ಯಾಕೆ, ನಂಗೆ ನೆನಪದೆ. ಕೂತ್ಕೋ" ಅಂದರು.

ಜಗಲಿಯ ಮೇಲೆ ಕೂತೆ. ನಾನು ಹುಡುಗನಾಗಿ ಮೊದಲ ಪರಮಪ್ರಸಾದ ತೆಗೆದುಕೊಂಡ ವರ್ಷದಿಂದ ಶುರುಮಾಡಿದರು.