ಮೊದಲು ಮುಟ್ಟು, ಆಮೇಲೆ ತೂಕ

ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು. ಯಾರ ಮೇಲೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಉಳಿದ ಓದುಗರಿಗಾಗಿ ಚುಟುಕಾಗಿ: ವಯಸ್ಸು 32, ಎತ್ತರ 160 ಸೆಂ.ಮೀ. ಐದು ತಿಂಗಳ ಹಿಂದೆ 62 ಕೆ.ಜಿ. ಇದ್ದವರು ಈಗ 53. ಡಯೆಟ್ ಚಾರ್ಟ್ ಕೊಟ್ಟದ್ದು ಅಕ್ಕ. ದಿನಕ್ಕೆ ಎರಡೇ ಹೊತ್ತು ಊಟ. ಬೀರು ಬಾಗಿಲಿನ ಒಳಗಡೆ ಅಂಟಿಸಿದ ಹಾಳೆಯಲ್ಲಿ ಬೆಳಿಗ್ಗೆ ಒಂದು ತೂಕ, ರಾತ್ರಿ ಒಂದು ತೂಕ. ಇಳಿದರೆ ನೀಲಿ ಪೆನ್ನು, ಏರಿದರೆ ಕೆಂಪು. ಕೆಂಪು ಬಿದ್ದರೆ ರಾತ್ರಿ ಊಟವಿಲ್ಲ. ಆ ಹಾಳೆಯ ಫೋಟೊ ದಿನಾ ಅಕ್ಕನಿಗೆ ಹೋಗಬೇಕು. ಗಂಡ ಒಮ್ಮೆ "ಸಾಕು, ಇನ್ನು ಇಳಿಸಬೇಡ" ಅಂದದ್ದು ನಿಮಗೆ ತಾತ್ಸಾರದ ಮಾತಾಗಿ ಕೇಳಿಸಿದೆ. ಇನ್ನು 5 ಕೆ.ಜಿ. ಇಳಿಸಿದರೆ ಅವರಿಗೆ ನನ್ನ ಮೇಲೆ ಮೊದಲಿನ ಒಲವು ಬರುತ್ತದಾ, ನನಗೇ ನನ್ನ ಮೇಲೆ ಒಂದಿಷ್ಟು ಗೌರವ ಹುಟ್ಟುತ್ತದಾ ಎಂದು ಕೇಳಿದ್ದೀರಿ.

ಐದು ಪುಟದ ಪತ್ರ. ಕೊನೆಯ ಪುಟದಲ್ಲಿ, ಅದೂ ಆವರಣದೊಳಗೆ, ಒಂದು ಸಾಲು: "ಮೂರು ತಿಂಗಳಿಂದ ಮುಟ್ಟಾಗಿಲ್ಲ, ಟೆನ್ಷನ್‌ಗೆ ಇರಬೇಕು, ಒಂದು ತಲೆನೋವು ತಪ್ಪಿತು."

ಪತ್ರದ ವಿಷಯವೇ ಅದು ಕಣ್ರೀ! ಉಳಿದದ್ದೆಲ್ಲ ಅದರ ಹಿಂದೆ ಮುಂದೆ ಸುತ್ತುತ್ತಿದೆ.

ಖರ್ಚಾಗುವಷ್ಟು ಶಕ್ತಿ ಊಟದಿಂದ ಬರದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಅದು ಮೊದಮೊದಲೇ ಕೈಬಿಡುವ ಕೆಲಸಗಳಲ್ಲಿ ಒಂದು ಋತುಚಕ್ರ. ಮಿದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ ಹೋಗುವ ಸೂಚನೆ ಕುಂದುತ್ತದೆ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳು ಇಳಿಯುತ್ತವೆ, ಅಂಡಾಶಯದಲ್ಲಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾಗುತ್ತದೆ. ಈಸ್ಟ್ರೊಜೆನ್ ಹೀಗೆ ಕಡಿಮೆಯಾಗಿಯೇ ಉಳಿದರೆ ಮೂಳೆ ಸವೆಯತೊಡಗುತ್ತದೆ. ಆಗ ನೋವಾಗುವುದಿಲ್ಲ, ಕನ್ನಡಿಯಲ್ಲೂ ಕಾಣಿಸುವುದಿಲ್ಲ. ಬಾಚಣಿಗೆ ತುಂಬ ಕೂದಲು ಬರುತ್ತಿದೆ, ಶ್ಯಾಂಪೂ ಬದಲಾಯಿಸಿದೆ ಎಂದೂ ಬರೆದಿದ್ದೀರಿ. ಊಟ ದಿಢೀರನೆ ಕಡಿಮೆ ಮಾಡಿದರೆ ಎರಡು ಮೂರು ತಿಂಗಳ ನಂತರ ಕೂದಲು ಉದುರುವುದು ಮಾಮೂಲು. ಶ್ಯಾಂಪೂ ಮೇಲೆ ತಪ್ಪು ಹೊರಿಸಬೇಡಿ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಎಲ್ಲರಿಗೂ ಸೆಕೆಯಾಗುವಾಗ ನಿಮಗೊಬ್ಬರಿಗೇ ಎರಡು ಹೊದಿಕೆ ಬೇಕಾಗುವುದು, ಇವೂ ಅದೇ ಲೆಕ್ಕಕ್ಕೆ ಸೇರುವಂಥವು.

ಹೊತ್ತುಹೊತ್ತಿಗೂ ಊಟದ್ದೇ ಯೋಚನೆ, ನನಗೆ ಮನೋಬಲವೇ ಇಲ್ಲ ಎಂದು ನಿಮ್ಮನ್ನೇ ಹಳಿದುಕೊಂಡಿದ್ದೀರಲ್ಲ, ಅದಕ್ಕೊಂದು ಮಾತು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಒಳ್ಳೆ ಗಟ್ಟಿಮುಟ್ಟಾದ ಆಳುಗಳು ಅಡುಗೆ ಪುಸ್ತಕ ಓದುತ್ತ ಕೂತರು, ತಟ್ಟೆ ನೆಕ್ಕಿದರು, ಸುಮ್ಮಸುಮ್ಮನೆ ರೇಗಿದರು, ಚಳಿಯೆಂದು ಮುದುಡಿದರು. ಲೈಂಗಿಕ ಆಸಕ್ತಿ ಬತ್ತಿಹೋಯಿತು. ಅವರಿಗೆ ಮನೋಬಲ ಇರಲಿಲ್ಲ ಅನ್ನೋಣವೇ? ಹಸಿವಿನ ಲಕ್ಷಣವೇ ಅದು.

ಈಗ ನಿಮ್ಮ ಗಂಡನ ವಿಚಾರ. ಆರು ತಿಂಗಳಿಂದ ನಮ್ಮ ನಡುವೆ ಏನೂ ಇಲ್ಲ ಎಂದು ದೂರಿದ್ದೀರಿ. ಅದಕ್ಕೆ ಎರಡು ಪುಟ ಮುಂಚೆ, ರಾತ್ರಿ ಯಾರೂ ಮುಟ್ಟುವುದೇ ಬೇಡ ಅನಿಸುತ್ತದೆ ಎಂದವರೂ ನೀವೇ. ಇಡೀ ಪತ್ರದಲ್ಲಿ ನಿಮ್ಮನ್ನು ಸರಿಯಾಗಿ ನೋಡಿದ ಮನುಷ್ಯ ಅವರೊಬ್ಬರೇ. ಹೇಳುವ ರೀತಿ ಒರಟಾಗಿರಬಹುದು, ಒಪ್ಪುತ್ತೇನೆ. ಅವರ ಬಗ್ಗೆ ಇಷ್ಟು ಸಾಕು.

ಸಿಟ್ಟು ನಿಮ್ಮ ಅಕ್ಕನ ಮೇಲೆ. ತಂಗಿಗೆ ಮುಟ್ಟು ನಿಂತಿದೆ ಎಂದು ತಿಳಿದೂ "ಒಳ್ಳೇದಾಯ್ತು ಬಿಡು, ಹಾಳೆಯಲ್ಲಿ ನೀಲಿ ಬರ್ತಾ ಇರಲಿ" ಅಂದವರು ಅವರು. ತಮಗೆ ಒಗ್ಗಿದ ಚಾರ್ಟ್ ಎಲ್ಲರಿಗೂ ಒಗ್ಗುತ್ತದೆ ಎಂದುಕೊಳ್ಳುವ ಅಕ್ಕಂದಿರು ಈ ಅಂಕಣಕ್ಕೆ ಹೊಸಬರಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ ಅನ್ನುತ್ತೀರಿ. ಇರಲಿ. ಪ್ರೀತಿ ಇದ್ದವರಿಗೆ ದಿನಾ ಹಾಳೆಯ ಫೋಟೊ ಏಕೆ?

ಇಷ್ಟಕ್ಕೂ ಆ ಹಾಳೆಯ ಲೆಕ್ಕವೇ ತಪ್ಪು. ಹಗಲಿನ ಊಟ, ನೀರು ಒಳಗಿರುವಾಗ ರಾತ್ರಿಯ ತೂಕ ಬೆಳಗಿನದಕ್ಕಿಂತ ಹೆಚ್ಚೇ ಇರುತ್ತದೆ. ಬಹುಪಾಲು ಎಲ್ಲರಿಗೂ ಹಾಗೆಯೇ. ಬೆಳಗಿನ ಅಂಕಿಯ ಪಕ್ಕ ರಾತ್ರಿಯ ಅಂಕಿ ಬರೆದು ಹೋಲಿಸಿದರೆ ದಿನಾ ಕೆಂಪೇ ಗತಿ. ಮುಟ್ಟಿನ ಮುಂಚಿನ ದಿನಗಳಲ್ಲಿ, ಉಪ್ಪು ಜಾಸ್ತಿಯಾದ ಮರುದಿನ, ಮಲಬದ್ಧತೆ ಇದ್ದಾಗ ಒಂದೆರಡು ಕೆ.ಜಿ. ಏರಿಳಿಯುವುದೂ ಸಹಜ. ದೇಹ ಕೂಡಿಟ್ಟುಕೊಳ್ಳುವ ಪ್ರತಿ ಗ್ರಾಂ ಗ್ಲೈಕೊಜೆನ್ (ದಾಸ್ತಾನಿಟ್ಟ ಸಕ್ಕರೆ) ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಡಯೆಟ್‌ನ ಮೊದಲ ವಾರ ಸರ್ರನೆ ಇಳಿಯುವುದರಲ್ಲಿ ದೊಡ್ಡ ಪಾಲು ಆ ನೀರು, ಊಟ ಮಾಡಿದ ಮರುದಿನ ವಾಪಸ್ ಬರುವುದೂ ಅದೇ. ನೀವು ರಾತ್ರಿ ಊಟ ಬಿಟ್ಟದ್ದು ನೀರಿನ ಲೆಕ್ಕಕ್ಕೆ ಹೆದರಿ. ತೂಕದ ಯಂತ್ರ ಮಲಗುವ ಕೋಣೆಯಲ್ಲಿ ಇರಲೇಬಾರದು ಎಂದು ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ.

ಹಾಗಾಗಿ ಮಾಡಬೇಕಾದದ್ದು ಒಂದೇ. ಈ ವಾರದೊಳಗೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.

ಅಲ್ಲಿ ಎಡವುವ ಜಾಗಗಳು ಮೂರಿವೆ. "ಮುಟ್ಟು ಸರಿಯಿಲ್ಲ" ಎಂದಷ್ಟೇ ಹೇಳಿದರೆ ಮುಟ್ಟು ಬರಿಸುವ ಮಾತ್ರೆ ಕೊಟ್ಟು ಕಳಿಸಬಹುದು. ಮಾತ್ರೆಗೆ ರಕ್ತಸ್ರಾವ ಆಗಬಹುದು, ಅಷ್ಟಕ್ಕೆ ಚಕ್ರ ಮರಳಿತು ಎಂದಲ್ಲ. ನಿಮಗೆ ಸಮಾಧಾನ, ಮೂಳೆ ಅದೇ ಸ್ಥಿತಿಯಲ್ಲಿ. ಇನ್ನೊಂದು, ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕದ ಲೆಕ್ಕ, ಈಗ 20.7. ಕಾಗದದ ಮೇಲೆ ಅದು ಮಾಮೂಲು, ಅದನ್ನೇ ನೋಡಿ "ತೂಕ ಸರಿಯಾಗಿದೆಯಲ್ಲ" ಅನ್ನಬಹುದು. ಆದರೆ ಐದು ತಿಂಗಳಲ್ಲಿ ದೇಹದ ತೂಕದ ಸುಮಾರು 14.5 ಶೇಕಡ ಹೋಗಿದೆ, ಗಮನಿಸಬೇಕಾದದ್ದು ಅದನ್ನು. ಮೂರನೆಯದು, ನೀವೇ ನಾಚಿಕೊಂಡು ಅರ್ಧ ಹೇಳಿ ಎದ್ದು ಬರುವುದು. ಆದ್ದರಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ: "ಐದು ತಿಂಗಳಲ್ಲಿ 9 ಕೆ.ಜಿ. ಇಳಿಸಿದ್ದೇನೆ, ಎರಡೇ ಹೊತ್ತು ಊಟ, ಕೆಲವು ರಾತ್ರಿ ಅದೂ ಇಲ್ಲ. ಮೂರು ತಿಂಗಳಿಂದ ಮುಟ್ಟಿಲ್ಲ. ತೂಕ ಹೆಚ್ಚಾಗುತ್ತದೆಂದು ಭಯ." ಕೊನೆಯ ವಾಕ್ಯ ಬಿಡಬೇಡಿ. ಮಾನಸಿಕ ತಜ್ಞರ ಬಾಗಿಲು ತೆರೆಯುವುದು ಅದೇ.

ಮೊದಲು ಗರ್ಭಪರೀಕ್ಷೆ ಮಾಡಿಸುತ್ತಾರೆ. ಖಂಡಿತ ಇಲ್ಲ ಎಂದು ವಾದಿಸದೆ ಮಾಡಿಸಿ. ಆಮೇಲೆ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ (ಹಾಲೂಡಿಸುವ ಹಾರ್ಮೋನು), ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡೈಯಾಲ್ (ಈಸ್ಟ್ರೊಜೆನ್‌ನ ಮುಖ್ಯ ರೂಪ), ಹಿಮೊಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಪೊಟ್ಯಾಸಿಯಂ. ಥೈರಾಯ್ಡ್ ತೊಂದರೆಯೂ ಇರಬಹುದು, ಊಹೆ ಬೇಡ. ಅಷ್ಟರೊಳಗೆ ತಲೆಸುತ್ತಿ ಬಿದ್ದರೆ, ಎದೆ ಹಾರಿದರೆ, ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಊಟ ಇಂದಿನಿಂದಲೇ ಮೂರು ಹೊತ್ತು, ನಡುವೆ ಎರಡು ಸಲ ತಿಂಡಿ, ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಹಸಿವಾಗಲಿ ಎಂದು ಕಾಯುವಂತಿಲ್ಲ. ಇಷ್ಟು ತಿಂಗಳು ಅದುಮಿಟ್ಟ ಹಸಿವು ಸರಿಯಾದ ಹೊತ್ತಿಗೆ ಹೇಳಿಕೊಂಡು ಬರುವುದಿಲ್ಲ. ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರಿಸುತ್ತದೆ. ಹೊಟ್ಟೆ ಖಾಲಿಯಾಗುವುದು ನಿಧಾನವಾಗಿರುವುದರಿಂದ ಹಾಗೆ, ಕೊಬ್ಬು ಬಂದು ಕೂತಿತು ಎಂದಲ್ಲ. ಹೆಚ್ಚಿನವರು ಹಿಂದೆ ಸರಿಯುವುದು ಇಲ್ಲೇ.

ಗೌರವದ ಪ್ರಶ್ನೆಗೆ ಉತ್ತರ ಚಿಕ್ಕದು. ಒಂದು ವೃತ್ತ ಬರೆದು, ನಿಮಗೆ ನಿಮ್ಮ ಬೆಲೆ ಯಾವುದರಿಂದ ಬರುತ್ತದೆ ಎಂದು ಭಾಗ ಮಾಡಿ. ಈಗ ಮುಕ್ಕಾಲು ಪಾಲು ತೂಕವೇ ನುಂಗಿರುತ್ತದೆ. ಆ ಪಾಲಿನ ಜೊತೆ ಗುದ್ದಾಡುವ ಬದಲು ಉಳಿದವಕ್ಕೆ ಗಂಟೆಗಳನ್ನು ಕೊಡಿ. ಹನ್ನೊಂದು ವರ್ಷದಿಂದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೀರಿ ಎಂಬುದು ಗೊತ್ತಾದದ್ದೇ ನಿಮ್ಮ ಪತ್ರದ ಮರುಟಿಪ್ಪಣಿಯಿಂದ!

ಹಾಳೆಯನ್ನು ಹರಿಯಬೇಡಿ, ವೈದ್ಯರಿಗೆ ತೋರಿಸಲು ಬೇಕು. ಇವತ್ತಿನಿಂದ ಬರೆಯಬೇಡಿ, ಅಷ್ಟೆ. ಅಕ್ಕನಿಗೆ ಕಳಿಸಬೇಕಾದದ್ದು ಒಂದು ಸಾಲು: "ಡಾಕ್ಟರ್ ನೋಡುತ್ತಿದ್ದಾರೆ, ಇನ್ನು ಫೋಟೊ ಕಳಿಸುವುದಿಲ್ಲ." ಏಕೆ ಎಂದು ಕೇಳಿದರೆ ಈ ಅಂಕಣದ ಲಿಂಕ್ ಕಳಿಸಿ, ಬೈಗುಳ ನನಗೇ ಬರಲಿ.