ಹಳೇ ಗೋವಾದ ಚರ್ಚಿನಲ್ಲಿ ಸಿಕ್ಕ ಮೂಳೆ ಜಾರ್ಜಿಯಾದ ರಾಣಿಯದೇ ಎಂದು ಹೇಗೆ ಹೇಳುತ್ತಾರೆ?

ಸಂತ ಆಗಸ್ಟೀನ್ ಚರ್ಚಿನ ನೆಲದ ತುಂಬ ಸಮಾಧಿಗಳಿರುವಾಗ, ಅಲ್ಲಿ ಸಿಕ್ಕ ಒಂದು ಮೂಳೆಯನ್ನು ಮಾತ್ರ ರಾಣಿ ಕೇತೇವಾನಳದೆಂದು ಹೇಗೆ ಗುರುತಿಸಿದರು ಎಂದು ನೀವು ಕೇಳಿದ್ದೀರಿ. ಪತ್ರಿಕೆಗಳು ಇದರ ಶ್ರೇಯಸ್ಸನ್ನೆಲ್ಲ ಡಿಎನ್‌ಎ ಪರೀಕ್ಷೆಗೆ ಕೊಟ್ಟುಬಿಟ್ಟಿವೆ. ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಮೂಳೆ ಸಿಕ್ಕ ಜಾಗ.

ಆಗಸ್ಟೀನಿಯನ್ ಸನ್ಯಾಸಿಗಳು ಗೋವಾಕ್ಕೆ ಬಂದದ್ದು 1572ರಲ್ಲಿ. ಚರ್ಚು ಪೂರ್ಣಗೊಂಡದ್ದು 1602ರಲ್ಲಿ. ಧಾರ್ಮಿಕ ಸಂಘಗಳನ್ನು ರದ್ದುಪಡಿಸಿದ ಪೋರ್ಚುಗೀಸ್ ಸರ್ಕಾರದ ನೀತಿಯಿಂದಾಗಿ 1835ರಲ್ಲಿ ಅದು ಪಾಳುಬಿತ್ತು, 1842ರಲ್ಲಿ ಕಮಾನಿನ ಛಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಉರುಳಿದವು. ಹೀಗಾಗಿ ಪುರಾತತ್ವ ಇಲಾಖೆಯವರು 1989ರಲ್ಲಿ ಅಗೆತ ಆರಂಭಿಸಿದಾಗ ಎದುರಿಗಿದ್ದುದು ಚಿರೆಕಲ್ಲಿನ ರಾಶಿ.

ಸಮಾಧಿಗಳ ವಿಷಯದಲ್ಲಿ ನಿಮ್ಮ ಸಂದೇಹ ಸರಿಯಾದದ್ದೇ. ಈಗಲೂ ಅಲ್ಲಿಗೆ ಹೋದರೆ ವಂಶಲಾಂಛನ ಮತ್ತು ಪೋರ್ಚುಗೀಸ್ ಬರಹ ಕೆತ್ತಿದ ಹಾಸುಗಲ್ಲುಗಳ ಮೇಲೇ ನಡೆಯಬೇಕಾಗುತ್ತದೆ. ಗೋವಾದ ಆ ಕಾಲದ ಸಮಾಧಿಗಲ್ಲುಗಳಲ್ಲಿ, ಇದು ಇಂಥವರ ಮತ್ತು ಅವರ ವಾರಸುದಾರರ ಸಮಾಧಿ ಎಂಬ ಒಕ್ಕಣೆ ಸಾಮಾನ್ಯ; ಅಂದರೆ ಒಂದೇ ಗುಂಡಿಯನ್ನು ತಲೆಮಾರುಗಳ ನಂತರವೂ ತೆರೆದು ಇನ್ನೊಬ್ಬರನ್ನು ಹೂಳುತ್ತಿದ್ದರು. ಅಂಥ ಕಡೆ ಹಿಂದಿನವರ ಮೂಳೆ ಇಂದಿನವರದರೊಡನೆ ಬೆರೆಯುತ್ತದೆ, ಮೇಲಿನ ಹೆಸರನ್ನು ನಂಬಿ ಕೆಳಗಿನ ಅಸ್ಥಿಯನ್ನು ಗುರುತಿಸಲು ಬರುವುದಿಲ್ಲ.

ಆದರೆ ಕೇತೇವಾನಳನ್ನು ಇಲ್ಲಿ ಯಾರೂ ಹೂಳಿರಲಿಲ್ಲ. ಪೂರ್ವ ಜಾರ್ಜಿಯಾದ ಕಖೇತಿ ಎಂಬ ರಾಜ್ಯದ ಈ ರಾಜಮಾತೆಯನ್ನು ಇರಾನಿನ ಷಾ ಅಬ್ಬಾಸನು ಮತಾಂತರಕ್ಕೆ ಒಪ್ಪಲಿಲ್ಲವೆಂದು 1624ರಲ್ಲಿ ಶಿರಾಜ್‌ನಲ್ಲಿ ಕೊಲ್ಲಿಸಿದ. ಅಲ್ಲಿದ್ದ ಆಗಸ್ಟೀನಿಯನ್ ಪಾದ್ರಿಗಳು ಆಕೆಯ ಅವಶೇಷಗಳನ್ನು ಗುಟ್ಟಾಗಿ ಅಗೆದು ತೆಗೆದರು, ಒಂದು ಭಾಗ 1627ರಲ್ಲಿ ಗೋವಾ ತಲುಪಿತು. ಅದನ್ನು ಕಲ್ಲಿನ ಪೆಟ್ಟಿಗೆಯಲ್ಲಿಟ್ಟು, ಚರ್ಚಿಗೆ ಸೇರಿದ ಮಠದ ಚಾಪ್ಟರ್ ಚಾಪೆಲ್‌ನ (ಸನ್ಯಾಸಿಗಳು ಸಭೆ ಸೇರುವ ಪ್ರಾರ್ಥನಾ ಕೋಣೆಯ) ಎರಡನೆಯ ಕಿಟಕಿಯಲ್ಲಿ ಇರಿಸಲಾಯಿತು ಎಂದು ಪೋರ್ಚುಗೀಸ್ ದಾಖಲೆ ಹೇಳುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಸಮಾಧಿಯನ್ನಲ್ಲ, ಒಂದು ಕಿಟಕಿಯನ್ನು. ಅದೂ ಗೋಡೆಗಳೇ ಬಿದ್ದುಹೋಗಿರುವ ಕಟ್ಟಡದಲ್ಲಿ. ಹಾಳುಬಿದ್ದ ಮಠದಲ್ಲಿ ಯಾವ ಕೋಣೆ ಯಾವುದೆಂದು ಮೊದಲು ನಿರ್ಧರಿಸದೆ ಆ ಒಂದು ವಾಕ್ಯದಿಂದ ಏನೂ ಪ್ರಯೋಜನವಿರಲಿಲ್ಲ. ಅಡಿಪಾಯಗಳನ್ನು ಬಿಡಿಸಿ ನಕ್ಷೆ ಸರಿಹೊಂದಿಸುವ ಆ ನಿಧಾನದ ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲ. 2004ರ ಹೊತ್ತಿಗೆ ಆ ಚಾಪೆಲ್‌ನ ಅಗೆತದಲ್ಲಿ ತೋಳಿನ ಮೂಳೆಯೊಂದು ದೊರೆಯಿತು.

ಹೈದರಾಬಾದಿನ ಸಿಸಿಎಂಬಿ (ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ) ವಿಜ್ಞಾನಿಗಳ ಪರೀಕ್ಷೆ ಬಂದದ್ದು ಇದರ ನಂತರ. ತಾಯಿಯಿಂದ ಮಕ್ಕಳಿಗೆ ಇಳಿದುಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಈ ಮೂಳೆಯಲ್ಲಿ ಯು1ಬಿ ಎಂಬ ಗುಂಪಿಗೆ ಸೇರಿತ್ತು; ಅದು ಜಾರ್ಜಿಯಾ ಮತ್ತು ಆಸುಪಾಸಿನಲ್ಲಿ ಕಂಡುಬರುತ್ತದೆ, ಭಾರತದಲ್ಲಿ ಕಂಡಿಲ್ಲ. ಜೊತೆಗೆ ಪರೀಕ್ಷಿಸಿದ ಇನ್ನೆರಡು ಅವಶೇಷಗಳು ಭಾರತೀಯ ಸಮುದಾಯಗಳಿಗೆ ಹೊಂದಿಕೆಯಾದವು. ಈ ಪರೀಕ್ಷೆ ಮೂಳೆ ಯಾವ ಸೀಮೆಯ ತಾಯಿವಂಶದಿಂದ ಬಂದದ್ದೆಂದು ಸೂಚಿಸುತ್ತದೆಯೇ ಹೊರತು ವ್ಯಕ್ತಿಯ ಹೆಸರು ಹೇಳುವುದಿಲ್ಲ. ವಿಜ್ಞಾನಿಗಳೂ ರಾಣಿಯದಾಗಿರುವ ಸಂಭವವಿದೆ ಎಂದಷ್ಟೇ ಬರೆದರು. ಇದೇ ಮೂಳೆ ಮುಖ್ಯ ಚರ್ಚಿನ ನೆಲದಡಿ ಸಿಕ್ಕಿದ್ದರೆ, ಜಾರ್ಜಿಯಾ ಇರುವ ಕಾಕಸಸ್ ಸೀಮೆಯ ಕಡೆಯಿಂದ ಬಂದ ಯಾವನೋ ವರ್ತಕನದೋ ಗುಲಾಮನದೋ ಇರಬಹುದೆಂದು ನಾನು ವಾದಿಸುತ್ತಿದ್ದೆ. ದಾಖಲೆ ಹೆಸರಿಸಿದ ಕೋಣೆಯಲ್ಲೇ ಅದು ದೊರೆತದ್ದರಿಂದ ಆ ವಾದಕ್ಕೆ ಬಲವಿಲ್ಲ.

ಅವಶೇಷಗಳನ್ನು 2017ರಲ್ಲಿ ಪ್ರದರ್ಶನಕ್ಕೆಂದು ಜಾರ್ಜಿಯಾಕ್ಕೆ ಕಳುಹಿಸಲಾಗಿತ್ತು. 2021ರ ಜುಲೈನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಅವುಗಳ ಒಂದು ಭಾಗವನ್ನು ಆ ದೇಶಕ್ಕೆ ಶಾಶ್ವತವಾಗಿ ಒಪ್ಪಿಸಿದರು. ನೀವು ಹಳೇ ಗೋವಾಕ್ಕೆ ಹೋದಾಗ ಗೋಪುರದ ಫೋಟೊ ತೆಗೆದು ಹಿಂತಿರುಗದೆ, ಚರ್ಚನ್ನು ದಾಟಿ ಮಠದ ಕೋಣೆಗಳ ಅಡಿಪಾಯದ ಕಡೆಗೂ ಹೋಗಿ ನೋಡಿ.